ಶಿವಮೊಗ್ಗ–ಭದ್ರಾವತಿಯಲ್ಲಿ ಕ್ರೆಡಿಟ್ ಕಾರ್ಡ್ ರಿವಾರ್ಡ್ ಮತ್ತು ಕ್ಯಾಶ್‌ಬ್ಯಾಕ್ ಯೋಜನೆಗಳು

ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಖರ್ಚಿನ ಸಣ್ಣ ಪಾಲೊಂದನ್ನು ಬ್ಯಾಂಕು ಕಾರ್ಡುದಾರರಿಗೆ ಮರಳಿಸುವ ಏರ್ಪಾಡೇ ರಿವಾರ್ಡ್ ಯೋಜನೆ. ಆ ಪಾಲು ರೂಪಾಯಿಯಾಗಿ ಬಿಲ್ಲಿನಲ್ಲಿ ಜಮೆಯಾದರೆ ಅದು ಕ್ಯಾಶ್‌ಬ್ಯಾಕ್. ಅಂಕಗಳಾಗಿ ಕೂಡುತ್ತ ಹೋಗಿ ಮುಂದೆ ಹಣ, ಟಿಕೆಟ್, ಗಿಫ್ಟ್ ವೋಚರ್ ಅಥವಾ ಸಾಮಾನಾಗಿ ಬದಲಾದರೆ ರಿವಾರ್ಡ್ ಪಾಯಿಂಟ್. ಶಿವಮೊಗ್ಗ ನಗರಕ್ಕೂ ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಗೂ ಈ ಯೋಜನೆಗಳು ಬಂದಿರುವುದು ಅಖಿಲ ಭಾರತ ಬ್ಯಾಂಕುಗಳ ಮೂಲಕ. ಆದ್ದರಿಂದ ಕಾರ್ಡುಗಳ ನಿಯಮ ಬೆಂಗಳೂರು, ಮುಂಬಯಿಗಳಲ್ಲಿ ಇರುವಂಥದ್ದೇ. ಬೇರೆಯಾಗುವುದು ಇಲ್ಲಿನ ಮನೆಗಳ ಆದಾಯ ಮತ್ತು ಖರ್ಚಿನ ರೀತಿ. ಅಡಿಕೆ, ಸರ್ಕಾರಿ ನೌಕರಿ, ಅಂಗಡಿ ವ್ಯಾಪಾರ ಮತ್ತು ಕಾರ್ಖಾನೆಯ ಪಿಂಚಣಿಯನ್ನು ನೆಚ್ಚಿದ ಈ ಎರಡು ಊರುಗಳಲ್ಲಿ ಜಾಹೀರಾತಿನ ಶೇಕಡಾವಾರಿಗೂ ವರ್ಷದ ಕೊನೆಗೆ ಕೈಗೆ ಉಳಿಯುವ ರೂಪಾಯಿಗೂ ಬಹಳ ಅಂತರವಿದೆ. ಹೋಲಿಕೆ ಮಾಡಬೇಕಾದದ್ದು ಕೈಗೆ ಉಳಿಯುವ ರೂಪಾಯಿಯನ್ನು. ಇಲ್ಲಿ ಕೊಟ್ಟಿರುವ ದರಗಳು ಆಯಾ ಕಾರ್ಡುಗಳು ಪರಿಚಯವಾದಂದಿನಿಂದ 2024–25ರವರೆಗೆ ಪ್ರಚಲಿತವಾಗಿದ್ದಂಥವು. ಬ್ಯಾಂಕುಗಳು ಅವನ್ನು ಆಗಾಗ ಬದಲಿಸುತ್ತವೆ.

ಬೆಳೆದು ಬಂದ ಬಗೆ

ಖರ್ಚಿಗೆ ನಗದು ಮರಳಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 1986ರಲ್ಲಿ ಅಮೆರಿಕದಲ್ಲಿ ಬಂದ ಡಿಸ್ಕವರ್ ಕಾರ್ಡ್. ಭಾರತದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಸೆಂಟ್ರಲ್‌ಕಾರ್ಡ್ ತಂದಿತು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕು 1980ರ ದಶಕದ ಉತ್ತರಾರ್ಧದಲ್ಲಿ ಕ್ಯಾನ್‌ಕಾರ್ಡ್ ಹೊರಡಿಸಿತು. 1998ರಲ್ಲಿ ಸ್ಟೇಟ್ ಬ್ಯಾಂಕು ಜಿಇ ಕ್ಯಾಪಿಟಲ್ ಜೊತೆಗೂಡಿ ಎಸ್‌ಬಿಐ ಕಾರ್ಡ್ ಸಂಸ್ಥೆ ಆರಂಭಿಸಿದ ಮೇಲೆ ಕಾರ್ಡು ದೊಡ್ಡ ನಗರಗಳ ಆಚೆಗೂ ಹರಡಿತು.

ಮಲೆನಾಡಿನ ಬ್ಯಾಂಕ್ ಗ್ರಾಹಕರ ಕಾರ್ಡುಗಳನ್ನು ಬದಲಿಸಿದ ಇನ್ನೊಂದು ಘಟನೆ ಬ್ಯಾಂಕುಗಳ ವಿಲೀನ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ತಲೆಮಾರುಗಳಿಂದ ಒಂದೇ ಶಾಖೆಯಲ್ಲಿ ಪಾಸ್‌ಬುಕ್ ಇಟ್ಟುಕೊಂಡಿದ್ದ ಮನೆಗಳು ಹೀಗೆ ದೊಡ್ಡ ಬ್ಯಾಂಕುಗಳ ಗ್ರಾಹಕರಾದವು. 1924ರಲ್ಲಿ ಸ್ಥಾಪನೆಯಾದ ಕರ್ಣಾಟಕ ಬ್ಯಾಂಕು ಸ್ವತಂತ್ರವಾಗಿ ಉಳಿದಿದ್ದು, ಎಸ್‌ಬಿಐ ಕಾರ್ಡ್ ಜೊತೆಗಿನ ಒಪ್ಪಂದದ ಮೇಲೆ ಜಂಟಿ ಹೆಸರಿನ ಕಾರ್ಡು ಕೊಡುತ್ತದೆ.

2022ರ ಸೆಪ್ಟೆಂಬರಿನಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ ಬಂದದ್ದು ಸಣ್ಣ ಊರುಗಳ ಮಟ್ಟಿಗೆ ದೊಡ್ಡ ತಿರುವು. ಸ್ವೈಪ್ ಮೆಷೀನ್ ಇಲ್ಲದ ಅಂಗಡಿಯಲ್ಲೂ ಕ್ಯೂಆರ್ ಸ್ಕ್ಯಾನ್ ಮಾಡಿ ಕ್ರೆಡಿಟ್ ಕಾರ್ಡಿನಿಂದ ಹಣ ಕೊಡುವುದು ಅಲ್ಲಿಂದ ಸಾಧ್ಯವಾಯಿತು. 2024ರ ಆರಂಭದ ಹೊತ್ತಿಗೆ ದೇಶದಲ್ಲಿ ಚಲಾವಣೆಯಲ್ಲಿದ್ದ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 10 ಕೋಟಿ ದಾಟಿತ್ತು.

ಕಿಸಾನ್ ಕ್ರೆಡಿಟ್ ಕಾರ್ಡಿನ ಹೆಸರಿನಲ್ಲೂ ಕ್ರೆಡಿಟ್ ಕಾರ್ಡ್ ಎಂದಿದ್ದರೂ ಅದು ಈ ಗುಂಪಿಗೆ ಸೇರದು. 1998ರಲ್ಲಿ ಆರಂಭವಾದ ಅದು ಬೆಳೆಸಾಲದ ಖಾತೆ. ಅದರಲ್ಲಿ 3 ಲಕ್ಷ ರೂ.ವರೆಗಿನ ಸಾಲಕ್ಕೆ ಶೇ. 7ರ ಬಡ್ಡಿಯಿದ್ದು, ಗಡುವಿನೊಳಗೆ ಕಟ್ಟಿದರೆ ಶೇ. 3ರಷ್ಟು ರಿಯಾಯಿತಿ ಸಿಕ್ಕಿ ಶೇ. 4ಕ್ಕೆ ಇಳಿಯುತ್ತದೆ. ಕರ್ನಾಟಕದ ಸಹಕಾರ ಸಂಘಗಳು ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023–24ರಲ್ಲಿ 3 ಲಕ್ಷದಿಂದ 5 ಲಕ್ಷ ರೂ.ಗೆ ಏರಿಸಿತು.

ಮರಳಿ ಬರುವ ಹಣದ ಮೂಲ

ಗ್ರಾಹಕ ಕಾರ್ಡಿನಲ್ಲಿ 1,000 ರೂ. ಕೊಟ್ಟಾಗ ಅಂಗಡಿಯವರ ಖಾತೆಗೆ ಪೂರ್ತಿ 1,000 ರೂ. ಬರುವುದಿಲ್ಲ. ಸಾಮಾನ್ಯವಾಗಿ ಶೇ. 1.5ರಿಂದ 2.5ರಷ್ಟು ಕಮಿಷನ್ ಮುರಿದುಕೊಳ್ಳುತ್ತಾರೆ. ಅದರ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೂ ಉಳಿದದ್ದು ಸ್ವೈಪ್ ಮೆಷೀನಿನ ಬ್ಯಾಂಕಿಗೂ ರುಪೇ, ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಕ್ಕೂ ಹಂಚಿಹೋಗುತ್ತದೆ. ಗ್ರಾಹಕರಿಗೆ ಬರುವ ಕ್ಯಾಶ್‌ಬ್ಯಾಕ್ ಈ ಕಮಿಷನ್ನಿನ ಒಂದು ತುಣುಕು. ವಾರ್ಷಿಕ ಶುಲ್ಕ, ತಡಪಾವತಿ ದಂಡ ಮತ್ತು ಬಾಕಿ ಉಳಿಸಿಕೊಂಡವರು ತೆರುವ ಬಡ್ಡಿ ಬ್ಯಾಂಕಿನ ಇತರ ಆದಾಯಗಳು. ತಿಂಗಳು ತಿಂಗಳು ಪೂರ್ತಿ ಬಿಲ್ ಕಟ್ಟುವವರ ಲಾಭಕ್ಕೆ ಬಾಕಿದಾರರ ಬಡ್ಡಿಯೂ ಒಂದು ಆಸರೆ.

ಪೆಟ್ರೋಲ್, ವಿದ್ಯುತ್ ಬಿಲ್, ವಿಮೆ, ಶಾಲಾ ಶುಲ್ಕ, ಚಿನ್ನ, ಬಾಡಿಗೆಗಳಿಗೆ ಹಲವು ಕಾರ್ಡುಗಳು ಪಾಯಿಂಟ್ ಕೊಡದಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಇಂಥ ವಹಿವಾಟಿನ ಹಲವು ಬಗೆಗಳಲ್ಲಿ ಬ್ಯಾಂಕಿಗೆ ಸಿಗುವ ಕಮಿಷನ್ ಕಡಿಮೆ. ಹಾಗೆಯೇ ರುಪೇ ಕ್ರೆಡಿಟ್ ಕಾರ್ಡಿನಿಂದ ಯುಪಿಐ ಮೂಲಕ ಸಣ್ಣ ವ್ಯಾಪಾರಿಗೆ ಕೊಡುವ 2,000 ರೂ.ವರೆಗಿನ ಪಾವತಿಗೆ ಕಮಿಷನ್ ಇಲ್ಲ. ಆ ಖರ್ಚಿಗೆ ಕೆಲವು ಬ್ಯಾಂಕುಗಳು ಕಡಿಮೆ ಪಾಯಿಂಟ್ ಕೊಡುತ್ತವೆ, ಕೆಲವು ತಿಂಗಳ ಮಿತಿ ಹಾಕುತ್ತವೆ.

ಯೋಜನೆಗಳ ಬಗೆಗಳು

ಎಲ್ಲೆಡೆ ಹೆಚ್ಚುಕಡಿಮೆ ಒಂದೇ ದರ ಕೊಡುವ ಸರಳ ಕ್ಯಾಶ್‌ಬ್ಯಾಕ್ ಮೊದಲ ಬಗೆ. 2020ರಲ್ಲಿ ಗೂಗಲ್ ಪೇ ಜೊತೆಗೂಡಿ ಬಂದ ಆಕ್ಸಿಸ್ ಏಸ್ ಕಾರ್ಡು ಇದಕ್ಕೆ ಹೆಸರಾಗಿತ್ತು. ಸಾಮಾನ್ಯ ಖರ್ಚಿಗೆ ಅದು ಕೊಡುತ್ತಿದ್ದ ಶೇ. 2ರ ದರ 2024ರ ಏಪ್ರಿಲ್‌ನಲ್ಲಿ ಶೇ. 1.5ಕ್ಕೆ ಇಳಿಯಿತು.

ಆನ್‌ಲೈನ್ ಖರೀದಿಗೆ ಹೆಚ್ಚು, ಅಂಗಡಿಗೆ ಕಡಿಮೆ ಕೊಡುವುದು ಎರಡನೆಯ ಬಗೆ. 2022ರ ಸೆಪ್ಟೆಂಬರಿನಲ್ಲಿ ಬಂದ ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡು ಆನ್‌ಲೈನ್ ಖರ್ಚಿಗೆ ಶೇ. 5, ಅಂಗಡಿ ಖರ್ಚಿಗೆ ಶೇ. 1 ಎಂದು ಆರಂಭವಾಯಿತು. ವಾರ್ಷಿಕ ಶುಲ್ಕ 999 ರೂ. ಮತ್ತು ಜಿಎಸ್‌ಟಿ. ವರ್ಷಕ್ಕೆ 2 ಲಕ್ಷ ರೂ. ಖರ್ಚಾದರೆ ಶುಲ್ಕ ಮಾಫಿ. 2023ರ ಮೇ ತಿಂಗಳಿಂದ ಬಿಲ್ಲೊಂದರ ಕ್ಯಾಶ್‌ಬ್ಯಾಕ್ ಮಿತಿಯನ್ನು 10,000ದಿಂದ 5,000 ರೂ.ಗೆ ಇಳಿಸಿ, ಶಾಲೆ, ಒಡವೆ, ವಿಮೆ, ವಿದ್ಯುತ್ ಬಿಲ್ ಮುಂತಾದವನ್ನು ಹೊರಗಿಟ್ಟರು.

ಒಂದೇ ಕಂಪನಿಗೆ ಅಂಟಿಕೊಂಡ ಜಂಟಿ ಕಾರ್ಡುಗಳು ಮೂರನೆಯವು. 2018ರಲ್ಲಿ ಬಂದ ಅಮೆಜಾನ್ ಪೇ ಐಸಿಐಸಿಐ ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲ. ಅಮೆಜಾನ್‌ನಲ್ಲಿ ಪ್ರೈಮ್ ಸದಸ್ಯರಿಗೆ ಶೇ. 5, ಉಳಿದವರಿಗೆ ಶೇ. 3, ಬೇರೆ ಕಡೆ ಸಾಮಾನ್ಯವಾಗಿ ಶೇ. 1 ಎಂಬುದು ಅದರ ಮೂಲ ಕ್ರಮ. 2019ರಲ್ಲಿ ಬಂದ ಫ್ಲಿಪ್‌ಕಾರ್ಟ್ ಆಕ್ಸಿಸ್ ಕಾರ್ಡು ಫ್ಲಿಪ್‌ಕಾರ್ಟ್ ಖರೀದಿಗೆ ಶೇ. 5 ಕೊಡುತ್ತದೆ, ಶುಲ್ಕ 500 ರೂ. 2022ರಲ್ಲಿ ಬಂದ ಟಾಟಾ ನ್ಯೂ ಎಚ್‌ಡಿಎಫ್‌ಸಿ ಕಾರ್ಡಿನಲ್ಲಿ ಸಿಗುವುದು ನ್ಯೂಕಾಯಿನ್. ಒಂದು ಕಾಯಿನ್ನಿಗೆ ಒಂದು ರೂಪಾಯಿಯ ಬೆಲೆ, ಆದರೆ ಅದನ್ನು ಟಾಟಾ ಬಳಗದಲ್ಲೇ ಖರ್ಚು ಮಾಡಬೇಕು.

ನಾಲ್ಕನೆಯದು ಪಾಯಿಂಟ್ ಕಾರ್ಡು. ಎಸ್‌ಬಿಐ ಸಿಂಪ್ಲಿಸೇವ್‌ನಲ್ಲಿ ದಿನಸಿ, ಹೋಟೆಲ್, ಸಿನಿಮಾ, ಡಿಪಾರ್ಟ್‌ಮೆಂಟ್ ಸ್ಟೋರುಗಳಲ್ಲಿ 150 ರೂ.ಗೆ 10 ಪಾಯಿಂಟ್, ಬೇರೆ ಕಡೆ 1 ಪಾಯಿಂಟ್. ನಾಲ್ಕು ಪಾಯಿಂಟ್ ಸೇರಿದರೆ ಒಂದು ರೂಪಾಯಿ. ಅಂದರೆ ಮೊದಲ ಗುಂಪಿಗೆ ಸುಮಾರು ಶೇ. 1.67, ಎರಡನೆಯದಕ್ಕೆ ಶೇ. 0.17. ‘ಹತ್ತು ಪಟ್ಟು ಪಾಯಿಂಟ್’ ಎಂದು ಕೇಳಿದಾಗ ದೊಡ್ಡದೆನಿಸುವುದು ರೂಪಾಯಿಗೆ ಇಳಿಸಿದಾಗ ಇಷ್ಟೇ.

ಐದನೆಯದು ಪ್ರಯಾಣ ಮತ್ತು ಇಂಧನದ ಕಾರ್ಡುಗಳು. ಐಆರ್‌ಸಿಟಿಸಿ ಎಸ್‌ಬಿಐ ಕಾರ್ಡಿನಲ್ಲಿ ಎಸಿ ದರ್ಜೆಯ ಟಿಕೆಟ್ಟಿಗೆ ಶೇ. 10ರವರೆಗೆ ಪಾಯಿಂಟ್ ಸಿಗುತ್ತದೆ, ಆ ಪಾಯಿಂಟಿನಿಂದ ಮತ್ತೆ ರೈಲು ಟಿಕೆಟ್ಟನ್ನೇ ಕೊಳ್ಳಬೇಕು. ಶಿವಮೊಗ್ಗ–ಬೆಂಗಳೂರು ಜನಶತಾಬ್ದಿಯ ಎಸಿ ಚೇರ್ ಕಾರಿನಲ್ಲಿ ತಿಂಗಳಿಗೆ ಎರಡು ಮೂರು ಸಲ ಓಡಾಡುವವರಿಗೆ ಇದು ಹೊಂದುತ್ತದೆ. ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಹೋಗುವವರಿಗೆ ಆ ಲಾಭ ಇಲ್ಲ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಹಾರಿದ ಮೇಲೆ ವಿಮಾನಯಾನದ ಕಾರ್ಡುಗಳನ್ನೂ ಇಲ್ಲಿ ಮಾರುತ್ತಾರೆ. ಆದರೆ ಹಲವು ಕಾರ್ಡುಗಳಲ್ಲಿ ಲೌಂಜ್ ಪ್ರವೇಶಕ್ಕೆ ಈಗ ಹಿಂದಿನ ತ್ರೈಮಾಸಿಕದಲ್ಲಿ ಇಷ್ಟು ಖರ್ಚಾಗಿರಬೇಕು ಎಂಬ ಷರತ್ತಿದೆ.

ಲೆಕ್ಕ ಹಾಕುವ ಕ್ರಮ

ಕಾರ್ಡುಗಳನ್ನು ಹೋಲಿಸಲು ಒಂದೇ ಅಳತೆ ಸಾಕು: ವರ್ಷದಲ್ಲಿ ಮರಳಿ ಬಂದ ರೂಪಾಯಿಯಿಂದ ವಾರ್ಷಿಕ ಶುಲ್ಕ, ಅದರ ಮೇಲಿನ ಶೇ. 18 ಜಿಎಸ್‌ಟಿ ಮತ್ತು ಪಾಯಿಂಟ್ ಬದಲಿಸುವ ಶುಲ್ಕವನ್ನು ಕಳೆಯಬೇಕು. 999 ರೂ. ಶುಲ್ಕವೆಂದರೆ ನಿಜವಾಗಿ 1,179 ರೂ., 499 ಎಂದರೆ 589 ರೂ. ಪಾಯಿಂಟ್ ಬದಲಿಸಲು ಹಲವು ಬ್ಯಾಂಕುಗಳು 99 ರೂ. ಮತ್ತು ಜಿಎಸ್‌ಟಿ ಸೇರಿ ಸುಮಾರು 117 ರೂ. ಹಿಡಿಯುತ್ತವೆ. 500 ರೂ. ಬೆಲೆಯ ಪಾಯಿಂಟ್ ಬದಲಿಸಿದರೆ ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಲ್ಲೇ ಹೋಯಿತು.

ಉದಾಹರಣೆಗೆ ತಿಂಗಳಿಗೆ 25,000 ರೂ.ಗಳನ್ನು ಕಾರ್ಡಿನಲ್ಲಿ ಖರ್ಚು ಮಾಡುವ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ದಿನಸಿಗೆ 10,000, ಪೆಟ್ರೋಲಿಗೆ 3,000, ಆನ್‌ಲೈನ್ ಖರೀದಿಗೆ 5,000, ಶಾಲಾ ಶುಲ್ಕ ಮತ್ತು ವಿಮೆಗೆ ಸರಾಸರಿ 5,000, ಔಷಧಿಗೆ 2,000. ಪೆಟ್ರೋಲ್, ಶುಲ್ಕ, ವಿಮೆಗಳಿಗೆ ಏನೂ ಬಾರದೆಂದು ಹಿಡಿದರೆ ಲಾಭ ತರುವುದು 17,000 ರೂ. ಮಾತ್ರ. ವಾರ್ಷಿಕ ಶುಲ್ಕವಿಲ್ಲದ, ಎಲ್ಲೆಡೆ ಶೇ. 1 ಕೊಡುವ ಕಾರ್ಡಿನಲ್ಲಿ ವರ್ಷಕ್ಕೆ 2,040 ರೂ. ಮರಳುತ್ತದೆ. ಆನ್‌ಲೈನ್‌ಗೆ ಶೇ. 5, ಅಂಗಡಿಗೆ ಶೇ. 1 ಕೊಡುವ ಕಾರ್ಡಿನಲ್ಲಿ 4,440 ರೂ. ಬರುತ್ತದೆ. ಶುಲ್ಕ ಮಾಫಿಯಾಗದಿದ್ದರೂ 3,261 ರೂ. ಉಳಿಯುತ್ತದೆ. ಇದೇ ಮನೆಯವರು ಆನ್‌ಲೈನ್ ಖರೀದಿಯನ್ನು 1,000 ರೂ.ಗೆ ಇಳಿಸಿ ಉಳಿದ 4,000ವನ್ನು ಊರಿನ ಅಂಗಡಿಯಲ್ಲೇ ಕೊಟ್ಟರೆ ಎರಡನೆಯ ಕಾರ್ಡಿನ ಗಳಿಕೆ 2,520 ರೂ. ಶುಲ್ಕ ಕಟ್ಟಬೇಕಾಗಿ ಬಂದರೆ ಉಳಿಯುವುದು 1,341 ರೂ. ಆಗ ಶುಲ್ಕವಿಲ್ಲದ ಸರಳ ಕಾರ್ಡೇ ಮೇಲು.

ಪಾಯಿಂಟ್ ಕಾರ್ಡಿನ ಲೆಕ್ಕ ಇನ್ನೂ ಸೂಕ್ಷ್ಮ. ಪ್ರತಿ ಸ್ವೈಪ್ ಮೆಷೀನನ್ನು ಬ್ಯಾಂಕು ಒಂದು ವ್ಯಾಪಾರ ವರ್ಗದ ಸಂಕೇತದಡಿ ನೋಂದಾಯಿಸಿರುತ್ತದೆ. ದಿನಸಿಗೆ 5411, ಪೆಟ್ರೋಲ್ ಬಂಕಿಗೆ 5541, ವಿದ್ಯುತ್ ಮತ್ತು ನೀರಿಗೆ 4900 ಹೀಗೆ. ಗ್ರಾಹಕ ಏನು ಕೊಂಡ ಎಂಬುದು ಬ್ಯಾಂಕಿಗೆ ಕಾಣುವುದಿಲ್ಲ, ಈ ಸಂಕೇತವಷ್ಟೇ ಕಾಣುತ್ತದೆ. ಗಾಂಧಿ ಬಜಾರಿನಂಥ ಹಳೆಯ ಪೇಟೆಯಲ್ಲಿ ಅಕ್ಕಿ, ಬೇಳೆ, ಪಾತ್ರೆ, ಪೂಜಾ ಸಾಮಗ್ರಿ ಎಲ್ಲವನ್ನೂ ಮಾರುವ ಅಂಗಡಿಯ ಮೆಷೀನು ‘ಇತರೆ ಚಿಲ್ಲರೆ’ ವರ್ಗದಲ್ಲಿದ್ದರೆ ಅಲ್ಲಿ ಕೊಂಡ ಅಕ್ಕಿಗೆ ಹತ್ತು ಪಾಯಿಂಟ್ ಬಾರದು. ಮೇಲಿನ ಮನೆಯವರು ಸಿಂಪ್ಲಿಸೇವ್ ಮಾದರಿಯ ಕಾರ್ಡು ಬಳಸಿದರೆ, ದಿನಸಿ ಅಂಗಡಿಯ ಸಂಕೇತ ಸರಿಯಿದ್ದಾಗ ವರ್ಷಕ್ಕೆ ಸುಮಾರು 2,140 ರೂ., ಸಂಕೇತ ಬೇರೆಯಾಗಿದ್ದಾಗ ಸುಮಾರು 340 ರೂ. ಸಿಗುತ್ತದೆ. ಕಾರ್ಡು ಅದೇ, ಅಂಗಡಿ ಅದೇ, ಅಕ್ಕಿಯೂ ಅದೇ. ಹೊಸ ಕಾರ್ಡು ಬಂದ ಮೊದಲ ತಿಂಗಳಲ್ಲಿ ವಾಡಿಕೆಯ ಅಂಗಡಿಯಲ್ಲಿ ಒಂದು ಸಣ್ಣ ಖರೀದಿ ಮಾಡಿ, ಸ್ಟೇಟ್‌ಮೆಂಟಿನಲ್ಲಿ ಎಷ್ಟು ಪಾಯಿಂಟ್ ಬಂತೆಂದು ನೋಡುವುದು ಇದಕ್ಕೆ ಇರುವ ಖಚಿತ ಪರೀಕ್ಷೆ.

ಎರಡು ಊರುಗಳ ಖರ್ಚಿಗೆ ಹೊಂದಿಕೆ

ಪೆಟ್ರೋಲ್: ಬಿಪಿಸಿಎಲ್ ಎಸ್‌ಬಿಐ ಕಾರ್ಡು ಭಾರತ್ ಪೆಟ್ರೋಲಿಯಂ ಬಂಕುಗಳಲ್ಲಿ ಶೇ. 4.25ರ ಲಾಭವೆಂದು ಹೇಳುತ್ತದೆ. ಅದರಲ್ಲಿ ಶೇ. 3.25 ಪಾಯಿಂಟಿನದು, ಉಳಿದ ಶೇ. 1 ಸರ್‌ಚಾರ್ಜ್ ಮಾಫಿ. ಕ್ರೆಡಿಟ್ ಕಾರ್ಡಿನಲ್ಲಿ ಪೆಟ್ರೋಲ್ ಹಾಕಿಸಿದಾಗ ಮಾತ್ರ ಬೀಳುವ ಸರ್‌ಚಾರ್ಜನ್ನು ಬಿಟ್ಟುಕೊಟ್ಟರೆ ಅದು ಗಳಿಕೆಯಾಗದು. ನಗದು ಕೊಟ್ಟವರಿಗೆ ಆ ಹೊರೆ ಮೊದಲೇ ಇಲ್ಲ. ತಿಂಗಳಿಗೆ 1,000 ರೂ. ಪೆಟ್ರೋಲ್ ಹಾಕಿಸುವ ಬೈಕಿನವರಿಗೆ ವರ್ಷಕ್ಕೆ ಬರುವುದು 390 ರೂ. ಕಾರ್ಡಿನ ಶುಲ್ಕವೇ 589 ರೂ. ವರ್ಷಕ್ಕೆ 50,000 ರೂ. ಖರ್ಚಾಗಿ ಶುಲ್ಕ ಮಾಫಿಯಾಗದ ಹೊರತು ಇದು ನಷ್ಟ. ಬಿ.ಎಚ್. ರಸ್ತೆಯಲ್ಲಿ ದಿನವೂ ಶಿವಮೊಗ್ಗ–ಭದ್ರಾವತಿ ನಡುವೆ ಕಾರಿನಲ್ಲಿ ಓಡಾಡುವವರಿಗೆ ಲೆಕ್ಕ ಬೇರೆಯಾಗುತ್ತದೆ.

ವಿದ್ಯುತ್: ಎರಡೂ ಊರುಗಳು ಮೆಸ್ಕಾಂ ವ್ಯಾಪ್ತಿಯಲ್ಲಿವೆ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಒಳಗಿನ ಅರ್ಹ ಮನೆಗಳಿಗೆ ಶೂನ್ಯ ಬಿಲ್ ಬರುತ್ತದೆ. ಕರೆಂಟ್ ಬಿಲ್ಲಿಗೆ ಶೇ. 5 ಕ್ಯಾಶ್‌ಬ್ಯಾಕ್ ಎಂಬ ಆಕರ್ಷಣೆ ಅಂಥ ಮನೆಗಳಿಗೆ ನಿರುಪಯೋಗಿ. ದೊಡ್ಡ ಬಿಲ್ ಕಟ್ಟುವ ಅಂಗಡಿ, ಮಿಲ್ಲುಗಳವರು ಇನ್ನೊಂದನ್ನು ಗಮನಿಸಬೇಕು: 2024ರಿಂದ ಹಲವು ಬ್ಯಾಂಕುಗಳು ತಿಂಗಳಲ್ಲಿ ನಿಗದಿತ ಮೊತ್ತ ದಾಟಿದ ಯುಟಿಲಿಟಿ ಪಾವತಿಗೆ ಶೇ. 1 ಶುಲ್ಕ ಹಾಕುತ್ತಿವೆ. ಎಚ್‌ಡಿಎಫ್‌ಸಿ ಮತ್ತು ಎಸ್‌ಬಿಐ ಕಾರ್ಡ್‌ನಲ್ಲಿ ಆ ಮೊತ್ತ 50,000 ರೂ.

ಅಂಗಡಿ: ದುರ್ಗಿಗುಡಿ, ನೆಹರೂ ರಸ್ತೆ, ಭದ್ರಾವತಿಯ ಹಳೇನಗರದಂಥ ಕಡೆ ದಿನದ ಕೊಳ್ಳುವಿಕೆ ಕ್ಯೂಆರ್ ಸ್ಕ್ಯಾನಿನಲ್ಲೇ ನಡೆಯುತ್ತದೆ. ಇಲ್ಲಿ ರುಪೇ ಕ್ರೆಡಿಟ್ ಕಾರ್ಡು ಉಪಯುಕ್ತ. ಆದರೆ ಅದು ವ್ಯಾಪಾರಿ ಎಂದು ನೋಂದಾಯಿಸಿದ ಕ್ಯೂಆರ್‌ಗಷ್ಟೇ ನಡೆಯುತ್ತದೆ. ತಮ್ಮ ಸ್ವಂತ ಮೊಬೈಲ್ ನಂಬರಿನ ಕ್ಯೂಆರ್ ಅಂಟಿಸಿರುವ ತರಕಾರಿ ಗಾಡಿಯವರಿಗೆ ಉಳಿತಾಯ ಖಾತೆಯಿಂದಲೇ ಕೊಡಬೇಕು. ಸ್ವೈಪ್ ಮಾಡಿದರೆ ಶೇ. 2 ಹೆಚ್ಚು ಕೊಡಬೇಕೆಂದು ಅಂಗಡಿಯವರು ಕೇಳಿದಲ್ಲಿ ಶೇ. 1ರ ಕ್ಯಾಶ್‌ಬ್ಯಾಕಿಗಾಗಿ ಕಾರ್ಡು ತೆಗೆಯುವುದರಲ್ಲಿ ಅರ್ಥವಿಲ್ಲ.

ಅಡಿಕೆ ಬೆಳೆಗಾರರು: ಅಡಿಕೆ ಕೊಯ್ಲು ಮುಗಿದು, ಒಣಗಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡವಾಗಿ ಮಂಡಿಗೋ 1939ರಲ್ಲಿ ಸ್ಥಾಪನೆಯಾದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್‌ಗೋ ಹೋದ ಮೇಲಷ್ಟೇ ಹಣ ಬರುತ್ತದೆ. ಧಾರಣೆ ನೋಡಿ ಮಾರುವವರಿಗೆ ವರ್ಷಕ್ಕೆ ಎರಡು ಮೂರು ಕಂತಿನ ಆದಾಯ. ಕಾರ್ಡಿನ ಬಿಲ್ ಮಾತ್ರ ತಪ್ಪದೆ ತಿಂಗಳಿಗೊಮ್ಮೆ ಬರುತ್ತದೆ. ಮುಂದಿನ ಬೆಳೆಯ ಮೇಲೆ ಕಣ್ಣಿಟ್ಟು ಕಾರ್ಡು ಉಜ್ಜುವುದು ಇಂಥ ಮನೆಗಳಿಗೆ ಅಪಾಯ. ಬೆಳೆಯ ಕೆಲಸಕ್ಕೆ ಕಿಸಾನ್ ಕಾರ್ಡಿನ ಸಾಲ, ಖಾತೆಯಲ್ಲಿ ಹಣವಿರುವ ತಿಂಗಳ ಮನೆಖರ್ಚಿಗೆ ಕ್ರೆಡಿಟ್ ಕಾರ್ಡು ಎಂದು ಎರಡನ್ನೂ ಬೇರೆಯಾಗಿ ಇಟ್ಟುಕೊಳ್ಳುವುದು ಕ್ಷೇಮ.

ಪಿಂಚಣಿದಾರರು: ಭದ್ರಾವತಿ ಬೆಳೆದದ್ದು 1918ರಲ್ಲಿ ಆರಂಭವಾಗಿ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಬ್ಬಿಣದ ಕಾರ್ಖಾನೆ (ವಿಐಎಸ್‌ಎಲ್) ಮತ್ತು ಮೈಸೂರು ಕಾಗದ ಕಾರ್ಖಾನೆಗಳ ಸಂಬಳದ ಮೇಲೆ. ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದೆ. ವಿಐಎಸ್‌ಎಲ್ ಮುಚ್ಚುವ ನಿರ್ಧಾರಕ್ಕೆ ಅದರ ಮಾತೃಸಂಸ್ಥೆ ಸೈಲ್‌ನ ಆಡಳಿತ ಮಂಡಳಿ 2023ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತ್ತು. ನಿವೃತ್ತರಿಗೂ ಗುತ್ತಿಗೆ ಕಾರ್ಮಿಕರಿಗೂ ಸಂಬಳ ಚೀಟಿ ತೋರಿಸಿ ಕಾರ್ಡು ಪಡೆಯುವುದು ಕಷ್ಟ. ಅಂಥವರಿಗಾಗಿ ಫಿಕ್ಸೆಡ್ ಡೆಪಾಸಿಟ್ ಆಧಾರದ ಕಾರ್ಡುಗಳಿವೆ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಅದರ ಒಂದು ಪಾಲಿನಷ್ಟು ಕಾರ್ಡಿನ ಮಿತಿ ಸಿಗುತ್ತದೆ, ಸಕಾಲದಲ್ಲಿ ಕಟ್ಟಿದರೆ ಕ್ರೆಡಿಟ್ ಸ್ಕೋರೂ ಬೆಳೆಯುತ್ತದೆ. ಬಿಲ್ ಕಟ್ಟದಿದ್ದರೆ ಬ್ಯಾಂಕು ಠೇವಣಿಗೇ ಕೈಹಾಕುತ್ತದೆ ಎಂಬುದು ನೆನಪಿರಬೇಕು. ವೃದ್ಧಾಪ್ಯಕ್ಕೆಂದು ಕೂಡಿಟ್ಟ ಹಣ ಅದು.

ಬಡ್ಡಿಯ ಮುಂದೆ ರಿವಾರ್ಡ್

ಹೆಚ್ಚಿನ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3.75ರ ಆಸುಪಾಸು, ಅಂದರೆ ವರ್ಷಕ್ಕೆ ಶೇ. 45. ಗ್ರಾಹಕ ವ್ಯಾಜ್ಯ ಪರಿಹಾರದ ರಾಷ್ಟ್ರೀಯ ಆಯೋಗ 2008ರಲ್ಲಿ ವಿಧಿಸಿದ್ದ ಶೇ. 30ರ ಮಿತಿಯನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಮಾಡಿತು. 20,000 ರೂ. ಬಿಲ್ಲಿಗೆ ಶೇ. 1ರಂತೆ 200 ರೂ. ಕ್ಯಾಶ್‌ಬ್ಯಾಕ್ ಬಂದಿದೆ ಎನ್ನೋಣ. ಕನಿಷ್ಠ ಮೊತ್ತವೆಂದು ಶೇ. 5, ಅಂದರೆ 1,000 ರೂ. ಮಾತ್ರ ಕಟ್ಟಿದರೆ ಉಳಿದ 19,000ಕ್ಕೆ ಒಂದು ತಿಂಗಳ ಬಡ್ಡಿ 712 ರೂ., ಜಿಎಸ್‌ಟಿ ಸೇರಿ ಸುಮಾರು 841 ರೂ. ನಾಲ್ಕು ತಿಂಗಳ ಕ್ಯಾಶ್‌ಬ್ಯಾಕ್ ಒಂದೇ ತಿಂಗಳಲ್ಲಿ ಕರಗಿತು. ಬಡ್ಡಿಯನ್ನು ಗಡುವಿನ ದಿನದಿಂದಲ್ಲ, ಖರೀದಿಯ ದಿನದಿಂದಲೇ ಲೆಕ್ಕ ಹಾಕುತ್ತಾರೆ. ಬಾಕಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ.

ಆ ಅವಧಿಯೂ ಎಲ್ಲ ಖರೀದಿಗೆ ಒಂದೇ ಅಲ್ಲ. ಪ್ರತಿ ತಿಂಗಳು 12ಕ್ಕೆ ಬಿಲ್ ತಯಾರಾಗಿ 20 ದಿನಗಳ ಗಡುವಿದ್ದರೆ, ಜೂನ್ 13ರ ಖರೀದಿಗೆ ಆಗಸ್ಟ್ 1ರವರೆಗೆ, ಅಂದರೆ 49 ದಿನ ಸಿಗುತ್ತದೆ. ಜುಲೈ 11ರ ಖರೀದಿಗೆ 21 ದಿನ ಮಾತ್ರ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ, ಜೊತೆಗೆ ಸಾಮಾನ್ಯವಾಗಿ ಕನಿಷ್ಠ 500 ರೂ. ಶುಲ್ಕ, ಪಾಯಿಂಟ್ ಇಲ್ಲ.

ನಿಯಮಗಳು ಮತ್ತು ಗ್ರಾಹಕರ ಹಕ್ಕು

2022ರ ಏಪ್ರಿಲ್ 21ರಂದು ಹೊರಬಿದ್ದು ಜುಲೈ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಗ್ರಾಹಕರಿಗೆ ಗಟ್ಟಿ ಆಸರೆ. ಕೇಳದೆ ಕಾರ್ಡು ಕೊಡುವಂತಿಲ್ಲ. ಕೊಟ್ಟು ಬಿಲ್ ಹಾಕಿದರೆ ಅದನ್ನು ರದ್ದುಪಡಿಸಿ ಎರಡು ಪಟ್ಟು ದಂಡ ತೆರಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂ. ದಂಡ. ಗಡುವು ದಾಟಿ ಮೂರು ದಿನ ಕಳೆದ ಮೇಲಷ್ಟೇ ತಡಪಾವತಿ ಶುಲ್ಕ ಹಾಕಬಹುದು. ಗ್ರಾಮೀಣ ಬ್ಯಾಂಕುಗಳು ಬೇರೆ ಬ್ಯಾಂಕಿನ ಸಹಯೋಗದಲ್ಲಿ ಕಾರ್ಡು ಕೊಡಬಹುದು.

ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿ ತರದಿದ್ದರೆ, 2021ರ ನವೆಂಬರ್ 12ರಂದು ಜಾರಿಯಾದ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಡಿ ರಿಸರ್ವ್ ಬ್ಯಾಂಕಿಗೆ ಶುಲ್ಕವಿಲ್ಲದೆ ದೂರಬಹುದು. ಮಾಹಿತಿಗೆ 14448. ‘ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತೇ ಮುಗಿಯುತ್ತದೆ’ ಎಂಬ ಸಂದೇಶದೊಡನೆ ಲಿಂಕ್ ಕಳಿಸಿ, ಆ್ಯಪ್ ಹಾಕಿಸಿ, ಒಟಿಪಿ ಕದಿಯುವ ವಂಚನೆ ವ್ಯಾಪಕವಾಗಿದೆ. ಪಾಯಿಂಟುಗಳನ್ನು ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲೋ ಜಾಲತಾಣದಲ್ಲೋ ಮಾತ್ರ ಬದಲಿಸಬೇಕು. ಹಣ ಹೋದರೆ ಕೂಡಲೇ ಬ್ಯಾಂಕಿಗೂ 1930ಕ್ಕೂ ಕರೆ ಮಾಡಬೇಕು. ಹೊರಗಿನವರಿಂದಾದ, ಗ್ರಾಹಕರ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಗ್ರಾಹಕರದ್ದಾಗದು ಎಂಬುದು ರಿಸರ್ವ್ ಬ್ಯಾಂಕಿನ 2017ರ ನಿಯಮ.

ಆಯ್ಕೆ

ಕಳೆದ ಮೂರು ತಿಂಗಳ ಖರ್ಚನ್ನು ದಿನಸಿ, ಆನ್‌ಲೈನ್, ಪೆಟ್ರೋಲ್, ಶುಲ್ಕ–ವಿಮೆ ಎಂದು ವಿಂಗಡಿಸಿ ಬರೆದುಕೊಳ್ಳುವುದು ಹೋಲಿಕೆಯ ಮೊದಲ ಹೆಜ್ಜೆ. ಪ್ರತಿ ಕಾರ್ಡಿನ ಹೊರಗಿಟ್ಟ ಖರ್ಚುಗಳ ಪಟ್ಟಿ, ತಿಂಗಳ ಮಿತಿ ಮತ್ತು ಪಾಯಿಂಟಿನ ರೂಪಾಯಿ ಬೆಲೆಯನ್ನು ಅದರ ಪಕ್ಕದಲ್ಲಿಟ್ಟರೆ ಉತ್ತರ ತಾನೇ ಸಿಗುತ್ತದೆ. ಊರಿನ ಅಂಗಡಿಗಳಲ್ಲೇ ಹೆಚ್ಚು ಕೊಳ್ಳುವ ಮನೆಗೆ ವಾರ್ಷಿಕ ಶುಲ್ಕವಿಲ್ಲದ ಸರಳ ಕ್ಯಾಶ್‌ಬ್ಯಾಕ್ ಕಾರ್ಡೊಂದು, ಕ್ಯೂಆರ್ ಪಾವತಿಗೆ ಬೇಕೆನಿಸಿದರೆ ರುಪೇ ಕಾರ್ಡೊಂದು ಸಾಕು. ಶುಲ್ಕ ಮಾಫಿಗೆಂದೋ ಪಾಯಿಂಟಿಗೆಂದೋ ಬೇಡದ್ದನ್ನು ಕೊಂಡರೆ ನೂರು ರೂಪಾಯಿ ಕೊಟ್ಟು ಐದು ರೂಪಾಯಿ ಪಡೆದಂತಾಯಿತು. ಪೂರ್ತಿ ಬಿಲ್ಲಿನ ಮೊತ್ತ ಗಡುವಿನಂದು ಖಾತೆಯಿಂದ ತಾನಾಗಿ ಕಡಿತವಾಗುವಂತೆ ಶಾಖೆಯಲ್ಲೋ ಆ್ಯಪ್‌ನಲ್ಲೋ ಏರ್ಪಾಡು ಮಾಡಿಕೊಂಡ ಮನೆಗೆ ಯಾವ ಸಾಧಾರಣ ಕಾರ್ಡೂ ಲಾಭ ತರುತ್ತದೆ. ಆ ಏರ್ಪಾಡು ಮಾಡಿಕೊಳ್ಳಲಾಗದ ಮನೆಗೆ ಅತಿ ಹೆಚ್ಚು ರಿವಾರ್ಡಿನ ಕಾರ್ಡೂ ದುಬಾರಿ ಸಾಲವೇ ಆಗುತ್ತದೆ.